ಮೂರನೇ ನವಿಲಿಗೆ ನಿಲ್ಲುವ ಮಷೀನು

ಶ್ರೀಲೇಖಾ: ನಿಂತದ. ಮತ್ತ ನಿಂತದ. ಮುಂಜಾನಿಂದ ಇದು ಆರನೇ ಸಲ. ಈಗರೇ ಒಪ್ಪಿಕೊಳ್ರಿ, ನಿನ್ನಿ ಈ ಮಷೀನಿಗೆ ಏನ ಮಾಡಿದ್ರಿ?

ನಾಗೇಶ: ಏನೂ ಮಾಡಿಲ್ಲ.

ಶ್ರೀಲೇಖಾ: ಏನೂ ಮಾಡದ ಕಂಪ್ಯೂಟರ್ ಹಿಂಗ ಕಲ್ಲಾಗತದೇನ್ರಿ?

ನಾಗೇಶ: ಅಪ್‌ಡೇಟ್ ಮಾಡೀನಿ. ಅಷ್ಟ.

ಶ್ರೀಲೇಖಾ: ಅಷ್ಟ!

ಈ ಮಾತು ನಡೆದದ್ದು ಸೋಲಾಪುರದ ಸಾಖರ ಪೇಠದ ಎರಡು ಕೋಣೆಯ ಮನೆಯಲ್ಲಿ, ತೊಂಬತ್ತೊಂಬತ್ತನೆಯ ಇಸವಿಯ ಜನವರಿಯಲ್ಲಿ, ಮಧ್ಯಾಹ್ನ ಎರಡೂಮುಕ್ಕಾಲಿಗೆ. ನಾಲ್ಕನೇ ಶನಿವಾರವಾದ್ದರಿಂದ ನಾಗೇಶನಿಗೆ ರಜೆ. ಉಳಿದ ದಿನ ಆತ ಎಸ್.ಟಿ. ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋಗಿ, ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಬರುವವನು. ಹದಿನೆಂಟು ವರ್ಷದ ನೌಕರಿ. ಆದರೆ ಕಂಪ್ಯೂಟರ್ ಅವನದಲ್ಲ, ಹೆಂಡತಿಯದು.

ಶ್ರೀಲೇಖಾ ಚಾದರದ ಡಿಸೈನ್ ಬರೆಯುವವಳು. ಹನ್ನೊಂದು ವರ್ಷ ಒಬ್ಬ ಡಿಸೈನ್ ಮಾಸ್ತರರ ಕೈಕೆಳಗೆ ಗ್ರಾಫ್ ಕಾಗದದ ಚೌಕಗಳಿಗೆ ಬಣ್ಣ ತುಂಬಿದಳು. ಚೌಕ ತುಂಬಿದ್ದು ಇವಳು, ಕೆಳಗೆ ಹೆಸರು ಮಾಸ್ತರರದು. ಇವತ್ತು ನಾಲ್ಕು ಗಂಟೆಗೆ ಆ ಮಾಸ್ತರರೇ ಇರುವ ಚಾದರದ ಕಾರಖಾನೆಯ ಮಾಲೀಕ ಶಾಂತಲಿಂಗಪ್ಪನವರು ತಾವೇ ಮನೆಗೆ ಬಂದು ಪರದೆಯ ಮೇಲೆ ಅವಳ ಡಿಸೈನ್ ನೋಡುವವರಿದ್ದರು. ಒಪ್ಪಿದರೆ ಮೊಟ್ಟಮೊದಲ ಸಲ ಒಂದು ಚಾದರ ಅವಳ ಹೆಸರಿನ ಮೇಲೆ ಮಗ್ಗಕ್ಕೆ ಏರುತ್ತದೆ. ಸದ್ಯಕ್ಕೆ ಪರದೆಯ ಮೇಲೆ ಎರಡು ನವಿಲು ಇಡಿಯಾಗಿ ಇದ್ದವು. ಮೂರನೆಯದಕ್ಕೆ ಕಾಲು ಇತ್ತು, ಮೇಲೆ ನವಿಲು ಇರಲಿಲ್ಲ.

ನಾಗೇಶ: ಅತುಲ ಸಿ.ಡಿ. ಕೊಟ್ಟಾನ. ಹೊಸಾ ಲಿನಕ್ಸ. ಇದನ್ನ ಹಾಕಿದ್ರ ಚಿತ್ರ ಲಗೂ ತೆರೀತಾವ ಅಂದಾನ. ಮಾಲಕರು ಬಂದಾಗ ನಿನ್ನ ನವಿಲು ಪಟಕ್ಕನ ಮೂಡಲಿ ಅಂತ ಹಾಕೀನಿ. ನಿನ್ನ ಸಲುವಾಗಿ.

ಶ್ರೀಲೇಖಾ: ನನ್ನ ಸಲುವಾಗಿ, ನನ್ನ ಕೇಳದ.

ನಾಗೇಶ: ನೀ ಹಳದಿ-ಕುಂಕುಮಕ್ಕ ಹೋಗಿದ್ದಿ.

ಶ್ರೀಲೇಖಾ: ಎರಡು ತಾಸು ಹೋಗಿದ್ದೆ. ಕುಂಕುಮಾ ಹಚ್ಚಿಸಿಕೊಂಡು ಬರೂದ್ರಾಗ ಮನ್ಯಾಗ ರಾಜ್ಯಾನ ಬದಲಾತು. ಎಂಟು ತಿಂಗಳು ಈ ಲಿನಕ್ಸ ಒಂದ ದಿನಾ ನಿಂತಿರಲಿಲ್ಲ.

ನಾಗೇಶ: ಅದು ಹಳೇದು. ಇದು ಹೊಸಾದು.

ಶ್ರೀಲೇಖಾ: ಹಳೇದು ನಡೀತಿತ್ತು. ಹೊಸಾದು ನಿಂತದ. ಅತುಲಗ ಫೋನ ಹಚ್ರಿ.

ನಾಗೇಶ: ಹಚ್ಚೀನಿ. ಪುಣೇಕ್ಕ ಹೋಗ್ಯಾನಂತ. ಸೋಮವಾರ ಬರತಾನ.

ಅತುಲ ಎಂದರೆ ಓಣಿಯ ತುದಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು. ಮನೆಯ ಮಷೀನಿಗೆ ಮೊದಲು ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟವನೂ ಅವನೇ. ಬೇಕಾದಾಗ ಪುಣೆಯಲ್ಲಿರುವುದು ಇಂಥವರ ಹುಟ್ಟುಗುಣ.

ಮೂಲೆಯಲ್ಲಿ ನಾಗೇಶನ ತಾಯಿ ವೇಣೂಬಾಯಿ ಗೋಡೆಗೆ ಒರಗಿ ಬತ್ತಿ ಹೊಸೆಯುತ್ತಿದ್ದರು. ಲಕ್ಷ ಬತ್ತಿಯ ಹರಕೆ. ನಲವತ್ತೊಂದು ಸಾವಿರದ ಮುಂದೆ ಬಂದಿದ್ದರು. ಹೊಸೆದ ಬತ್ತಿಯನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದರು.

ವೇಣೂಬಾಯಿ: ಮಾಲಕರಿಗೆ ಇದ ಒಂದ ಚಿತ್ರ ತೋರಸೂದೇನು?

ಶ್ರೀಲೇಖಾ: ಮೊದಲ ಇದು ತೆರೀಲ್ರಿ ಅತ್ಯಾರ.

ನಾಗೇಶ: ಚಿತ್ರದ ದೋಷ ಅಲ್ಲ ಇದು. ಮೌಸಿಂದು. ಹೊಟ್ಟ್ಯಾಗ ಕಸಾ ಕುಂತಿರತದ, ಅದಕ್ಕ ಬಾಣ ಅಳ್ಳಾಡವಲ್ದು.

ಶ್ರೀಲೇಖಾ: ಬಾಣ ಅಷ್ಟ ಅಲ್ರಿ, ಮೂಲ್ಯಾಗಿನ ಗಡಿಯಾರಾನೂ ನಿಂತದ. ಮೌಸಿನ ಹೊಟ್ಟ್ಯಾಗ ಗಡಿಯಾರ ಅದ ಏನು?

ನಾಗೇಶ ಆಗಲೇ ಮೌಸನ್ನು ಅಂಗಾತ ಮಲಗಿಸಿ ಹೊಟ್ಟೆಯ ಮುಚ್ಚಳ ತಿರುವಿದ್ದ. ಒಳಗಿನ ಗುಂಡು ನೆಲಕ್ಕೆ ಬಿದ್ದು, ಕೋಣೆಯನ್ನು ಅಡ್ಡ ದಾಟಿ, ಮಂಚದ ಕೆಳಗೆ ಹೋಯಿತು. ಗಂಡ ಹೆಂಡತಿ ಇಬ್ಬರೂ ಮಂಚದ ಕೆಳಗೆ ತಲೆ ಹಾಕಿದರು. ಮುಂದಿನ ಮಾತುಗಳು ಅಲ್ಲಿಂದಲೇ ಬಂದವು.

ಶ್ರೀಲೇಖಾ: ಮೂರಾಗಲಿಕ್ಕೆ ಬಂತು. ಮಾಲಕರು ಬಂದಾಗ ನಾವು ಹಿಂಗ ಇರೂದೇನು?

ನಾಗೇಶ: ಕೈಗೆ ಏನೋ ಹತ್ತಿತು.

ವೇಣೂಬಾಯಿ: ಗುಂಡು ಸಿಕ್ತೇನೋ?

ನಾಗೇಶ: ಗುಂಡಲ್ಲವ್ವಾ, ನಿನ್ನ ಚಾಳೀಸು.

ವೇಣೂಬಾಯಿ: ಹೋದ ಶ್ರಾವಣದಾಗ ಕಳದಿತ್ತು. ತಾ ಇಲ್ಲಿ. ಮಷೀನು ಕೆಟ್ಟಿದ್ದು ಛಲೋ ಆತು.

ಗುಂಡೂ ಸಿಕ್ಕಿತು. ನಾಗೇಶ ಅದನ್ನು ಬಚ್ಚಲಿಗೆ ಒಯ್ದು ಸಾಬೂನು ಹಚ್ಚಿ ತೊಳೆದು, ತನ್ನ ಪಂಚೆಯಿಂದ ಒರೆಸಿ, ಮತ್ತೆ ಮೌಸಿಗೆ ತುಂಬಿದ. ಬಾಣ ನಿಂತಲ್ಲೇ ಇತ್ತು. ವೇಣೂಬಾಯಿ ಕನ್ನಡಕ ಏರಿಸಿ ಐದು ತಿಂಗಳ ಮೇಲೆ ಮೊದಲ ಸಲ ಮಗನ ಮುಖ ಸ್ಪಷ್ಟವಾಗಿ ನೋಡಿದರು. ಮತ್ತೆ ಬತ್ತಿಗೆ ಕೈ ಹಾಕಿದರು.

ನಾಗೇಶ: ಹಂಗಾದ್ರ ಮಷೀನು ಸತ್ತದ.

ಶ್ರೀಲೇಖಾ: ಬಾಯಾಗ ಒಳ್ಳೇ ಮಾತು ಬರೂದಿಲ್ಲೇನು ನಿಮಗ? ಸತ್ತದೋ ಇಲ್ಲೋ ನೋಡೂದು ಹೆಂಗ ಅಂತ ಅತುಲ ಹೇಳಿಕೊಟ್ಟಾನ. ಕೀಬೋರ್ಡಿನ ಬಲಕ್ಕ ಈ ಗುಂಡಿ ಅದ ನೋಡ್ರಿ. ಒತ್ತಿದ್ರ ಮ್ಯಾಲೆ ಹಸರ ದೀಪಾ ಹತ್ತಬೇಕು. ಹತ್ತಿದ್ರ ಜೀವ ಅದ ಅಂತ ಅರ್ಥ.

ಒತ್ತಿದಳು. ಹಸಿರು ದೀಪ ಹತ್ತಿತು. ಮತ್ತೆ ಒತ್ತಿದಳು. ಆರಿತು.

ವೇಣೂಬಾಯಿ: ಅಂದ್ರ ಅದಕ್ಕ ಎಲ್ಲಾ ಕೇಳಸತದ. ಮಾತಾಡವಲ್ದು ಅಷ್ಟ.

ಶ್ರೀಲೇಖಾ: ಬರೋಬ್ಬರಿ ಅಂದ್ರಿ ಅತ್ಯಾರ. ಒಳಗ ಮಷೀನು ನಡದದ. ಚಿತ್ರ ತೋರಸೂ ಭಾಗ ಅಷ್ಟ ಗಟ್ಟಿ ಆಗ್ಯದ.

ವೇಣೂಬಾಯಿ: ನಿಮ್ಮ ಮಾವನೂ ಹಿಂಗ ಇದ್ರು. ಸಿಟ್ಟು ಬಂದ್ರ ನಾಲ್ಕು ನಾಲ್ಕು ದಿನಾ.

ಶ್ರೀಲೇಖಾ ಒಮ್ಮೆಗೇ ಮೂರು ಕೀಲಿ ಒತ್ತಿದಳು. ನವಿಲು ಮಾಯವಾಗಿ ಪರದೆ ಕಪ್ಪಾಯಿತು, ಮೇಲೆ ಬಿಳಿ ಅಕ್ಷರ ಮೂಡಿದವು. ಅಲ್ಲಿ ಏನೋ ಬರೆದು ಚಿತ್ರದ ಭಾಗವನ್ನು ಹೊಸದಾಗಿ ಎಬ್ಬಿಸಿದಳು. ಬಾಣ ಬಂತು, ಗಡಿಯಾರ ಬಂತು. ಡಿಸೈನ್ ತೆರೆದಳು. ಒಂದನೇ ನವಿಲು ಬಂತು. ಎರಡನೇ ನವಿಲು ಬಂತು. ಮೂರನೆಯದರ ಕಾಲು ಬಂತು.

ಶ್ರೀಲೇಖಾ: ನಿಂತದ.

ನಾಗೇಶ: ಏಳನೇ ಸಲ.

ಶ್ರೀಲೇಖಾ: ನೀವು ಎಣಸಬ್ಯಾಡ್ರಿ!

ಅವಳ ದನಿ ಒಡೆಯಿತು. ಮುಂಜಾನೆಯಿಂದ ತಡೆದುಕೊಂಡದ್ದು ಕಣ್ಣಿಗೆ ಬಂತು. ಸೆರಗಿನಿಂದ ಒರೆಸಿಕೊಂಡಳು. ನಾಗೇಶ ಏನು ಮಾಡಬೇಕೋ ತಿಳಿಯದೆ ಮೌಸಿನ ಗುಂಡನ್ನು ಇನ್ನೊಮ್ಮೆ ತೊಳೆಯಲು ಹೊರಟ.

ವೇಣೂಬಾಯಿ: ಏ ನಾಗೇಶ, ಅದನ್ನ ಇಡು. ನಾ ಒಂದ ಕೇಳ್ತೀನಿ. ಇದು ಯಾವಾಗಲೂ ಇದ ನವಿಲಿಗೆ ಯಾಕ ನಿಲ್ಲತದ?

ಶ್ರೀಲೇಖಾ: ಇದ ನವಿಲಿಗೆ ಅಂತ ಯಾರಂದ್ರು?

ವೇಣೂಬಾಯಿ: ಈಗ ನೋಡಿದ್ನೆಲ್ಲ. ಚಾಳೀಸು ಹಾಕ್ಕೊಂಡಾಗಿನಿಂದ ಎರಡೂ ಸಲಾ ಇದ ಕಾಲಿಗೆ ನಿಂತದ. ಮೂರನೇದ್ದರ ಕಾಲು. ಆ ಮೊದಲಿಂದು ನನಗ ಕಂಡಿಲ್ಲ.

ಶ್ರೀಲೇಖಾ ನೆನಪಿಸಿಕೊಂಡಳು. ಏಳೂ ಸಲ ಮೂರನೇ ನವಿಲಿನ ಕಾಲಿಗೇ ನಿಂತಿತ್ತು. ನಲವತ್ತೊಂದು ಸಾವಿರ ಬತ್ತಿ ಎಣಿಸಿದವರ ಕಣ್ಣು ಅದು.

ವೇಣೂಬಾಯಿ: ನಮ್ಮ ತವರಮನಿ ಬಾಜೂಕ ಒಂದು ಮಗ್ಗ ಇತ್ತು. ಅದು ತಾನ ಸುಮ್ಮಸುಮ್ಮನ ಎಂದೂ ನಿಂದರತಿದ್ದಿಲ್ಲ. ಹಾಸಿನ ನೂಲು ತೀರಿದಲ್ಲೆ ನಿಂದರತಿತ್ತು. ಹತ್ತು ಮಳ ನೂಲು ಹಾಕಿ ಹದಿನೈದು ಮಳ ನೇಯ್ತೀನಿ ಅಂದ್ರ, ಹತ್ತನೇ ಮಳಕ್ಕ ನಿಲ್ಲಬೇಕೋ ಬ್ಯಾಡೋ? ಇದಕ್ಕೂ ಏನೋ ಕಡಿಮಿ ಬೀಳಾಕತ್ತದ. ಅದ ಅಂತ ತಿಳದು ಓಡತದ, ಅಲ್ಲಿ ಹೋದ್ರ ಇಲ್ಲ.

ಶ್ರೀಲೇಖಾ ನಿಧಾನವಾಗಿ ಗಂಡನ ಕಡೆ ತಿರುಗಿದಳು.

ಶ್ರೀಲೇಖಾ: ನಿನ್ನಿ ಸಿ.ಡಿ. ಹಾಕಿದಾಗ ಇದು ನಿಮಗೇನರೇ ಪ್ರಶ್ನಿ ಕೇಳ್ತೇನ್ರಿ?

ನಾಗೇಶ: ಕೇಳ್ತು.

ಶ್ರೀಲೇಖಾ: ನೀವೇನು ಉತ್ತರ ಕೊಟ್ರಿ? ನೆನಪು ಅದ ಏನು?

ನಾಗೇಶ: ನೆನಪ್ಯಾಕ ಬೇಕು?

ಕಪಾಟು ತೆಗೆದು ಒಂದು ಫೈಲು ತಂದ. ಕೆಂಪು ದಾರ ಬಿಚ್ಚಿದ. ಒಳಗೆ ಮೂರು ಹಾಳೆ, ಹಿಂದೆ ಅದರ ಕಾರ್ಬನ್ ಪ್ರತಿ. ಮೇಲೆ ‘ವಿಷಯ: ಮನೆಯ ಕಂಪ್ಯೂಟರಿನ ಅಪ್‌ಡೇಟ್ ಬಗ್ಗೆ’ ಎಂದು ಇತ್ತು. ಬಲಗಡೆ ಕಚೇರಿಯಿಂದ ಹೊರಡುವ ಕಾಗದಕ್ಕೆ ಹಾಕುವಂಥ ಜಾವಕ ನಂಬರ್ ಒಂದು, ತಾರೀಖು, ಸಹಿ. ಶ್ರೀಲೇಖಾ ಹದಿನಾರು ವರ್ಷ ಸಂಸಾರ ಮಾಡಿದವಳು. ಆದರೂ ಒಂದು ಕ್ಷಣ ಕುರ್ಚಿಯ ತೋಳು ಹಿಡಿದುಕೊಂಡಳು.

ಶ್ರೀಲೇಖಾ (ಓದುತ್ತ): ‘ಪ್ರಶ್ನೆ ಮೂರು. ಕೀಬೋರ್ಡ್ ಯಾವ ದೇಶದ್ದು? ಉತ್ತರ: ಅಮೇರಿಕಾ. ಟಿಪ್ಪಣಿ: ಯಾದಿಯಲ್ಲಿ ಭಾರತ ಇರಲಿಲ್ಲ. ಆದರೂ ಖರೀದಿ ಸೋಲಾಪುರದಲ್ಲಿಯೇ ಆಗಿದೆ.’ ಇದನ್ಯಾರು ಓದತಾರ್ರಿ?

ನಾಗೇಶ: ನೀ ಈಗ ಓದಾಕತ್ತೀಯಲ್ಲ.

ಶ್ರೀಲೇಖಾ: ‘ಪ್ರಶ್ನೆ ಹದಿನೇಳು. ಚಿತ್ರದ ಕಾರ್ಡಿನಲ್ಲಿ ಎಷ್ಟು ಎಂ.ಬಿ. ಮೆಮರಿ ಇದೆ? ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಮಷೀನು ತಾನೇ ನೋಡಿಕೊಳ್ಳುತ್ತದೆ.’ ಉತ್ತರ, ನಾಲ್ಕು. ಈ ನಾಲ್ಕು ಎಲ್ಲಿಂದ ಬಂತು?

ನಾಗೇಶ: ನಾ ಬರದೆ.

ಶ್ರೀಲೇಖಾ: ಗೊತ್ತಿತ್ತೇನು ನಿಮಗ?

ನಾಗೇಶ: ಇಲ್ಲ.

ಶ್ರೀಲೇಖಾ: ಗೊತ್ತಿಲ್ಲದಿದ್ರ ಖಾಲಿ ಬಿಡ್ರಿ ಅಂತ ಅದು ಕೈಮುಗದು ಹೇಳೇದ!

ನಾಗೇಶ: ಕಾಲಮ್ ಖಾಲಿ ಬಿಡಂಗಿಲ್ಲ. ಖಾಲಿ ಕಾಲಮ್ ಇದ್ರ ಅರ್ಜಿ ತಿರಸ್ಕಾರ. ಹದಿನೆಂಟು ವರ್ಷದಾಗ ಒಂದೂ ಕಾಲಮ್ ನಾ ಖಾಲಿ ಬಿಟ್ಟಿಲ್ಲ.

ಶ್ರೀಲೇಖಾ: ಆತು. ಬರೀಬೇಕು ಅಂದ್ರ ಒಂದು ಬರೀಬೇಕಾಗಿತ್ತು, ಎರಡು ಬರೀಬೇಕಾಗಿತ್ತು. ನಾಲ್ಕು ಯಾಕ?

ನಾಗೇಶ: ನಾಲ್ಕು ಬರದ್ರ ಒಂದರೇ ಮಂಜೂರ ಆಗತದ. ಒಂದ ಬರದ್ರ ಏನೂ ಸಿಗೂದಿಲ್ಲ. ಹೋದ ಬ್ಯಾಸಿಗ್ಯಾಗ ಆಫೀಸಿಗೆ ನಾಲ್ಕು ಫ್ಯಾನ ಬೇಕಂತ ಬರದಿದ್ವಿ. ಒಂದು ಬಂತು. ಒಂದು ಬರದಿದ್ರ ಇವತ್ತಿಗೂ ರಟ್ಟಿನಿಂದ ಗಾಳಿ ಹಾಕ್ಕೋಬೇಕಾಗಿತ್ತು.

ಶ್ರೀಲೇಖಾ: ಇದು ಬೇಕಂತ ಕೇಳೂ ಅರ್ಜಿ ಅಲ್ರಿ. ನಿಮ್ಮ ಹತ್ರ ಎಷ್ಟದ ಅಂತ ಅದು ಕೇಳೇದ. ನಾಲ್ಕು ಅದ ಅಂದ್ರಿ. ಅದು ನಾಲ್ಕು ಅದ ಅಂತ ಹೊಂಟತು.

ನಾಗೇಶ: ಮ್ಯಾಲೆ ಯಾರರೇ ತಪಾಸ ಮಾಡಿ ಕಡಿಮಿ ಮಾಡ್ತಾರಂತ ತಿಳದಿದ್ದೆ.

ಶ್ರೀಲೇಖಾ: ಮ್ಯಾಲೆ ಯಾರೂ ಇಲ್ಲ. ನೀವು ಹೇಳಿದ್ದನ್ನ ಅದು ನಂಬ್ಯದ.

ನಾಗೇಶ ಹಾಳೆಯ ಮೇಲಿನ ಆ ನಾಲ್ಕರ ಮೇಲೆ ಬೆರಳು ಇಟ್ಟ. ತಾನು ಬರೆದುಕೊಟ್ಟದ್ದನ್ನು ತಪಾಸಣೆಯಿಲ್ಲದೆ ಯಾರಾದರೂ ನಂಬಿದ್ದು ಅವನ ನೌಕರಿಯಲ್ಲಿ ಇದೇ ಮೊದಲು.

ನಾಗೇಶ: ಪೂರ್ತಿ ನಂಬತೇನು?

ಶ್ರೀಲೇಖಾ: ಮೂರನೇ ನವಿಲಿನ ಕಾಲಿನ ತನಕಾ ನಂಬ್ಯದ. ಈಗ ಆ ಕಾರ್ಡಿನ್ಯಾಗ ಖರೇ ಎಷ್ಟದ ಅಂತ ಗೊತ್ತಾಗಬೇಕು. ಅದು ಬಂದ ಪೆಟ್ಟಿಗಿ ಎಲ್ಲಿ ಹೋತು?

ಇಬ್ಬರೂ ಕಪಾಟು ಹುಡುಕಿದರು, ಅಟ್ಟ ಹುಡುಕಿದರು. ನಾಗೇಶ ಪೆಟ್ಟಿಗೆಯ ಬಗ್ಗೆಯೂ ಒಂದು ಟಿಪ್ಪಣಿ ಇರಬೇಕೆಂದು ಫೈಲು ಹುಡುಕಿದ. ಮೂರೂಕಾಲು ಆಯಿತು.

ವೇಣೂಬಾಯಿ: ಎಂಥಾ ಪೆಟ್ಟಿಗಿ?

ಶ್ರೀಲೇಖಾ: ನೀಲೀದು ಅತ್ಯಾರ, ರಟ್ಟಿಂದು, ಮ್ಯಾಲೆ ಹುಲಿ ಚಿತ್ರ.

ವೇಣೂಬಾಯಿ ಹೊಸೆದ ಬತ್ತಿಯೊಂದನ್ನು ಪೆಟ್ಟಿಗೆಗೆ ಹಾಕಿ, ನಲವತ್ತೊಂದು ಸಾವಿರದ ಇನ್ನೂರಾ ಆರು ಎಂದು ಬಾಯಲ್ಲಿ ಹಿಡಿದುಕೊಂಡು, ಪೆಟ್ಟಿಗೆಯನ್ನು ತಿರುಗಿಸಿದರು. ಹುಲಿ ಇತ್ತು. ಹುಲಿಯ ಕಾಲ ಕೆಳಗೆ ‘ಒಂದು ಎಂ.ಬಿ.’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

ಶ್ರೀಲೇಖಾ: ಒಂದು!

ನಾಗೇಶ: ನೋಡು. ನಾಲ್ಕು ಬರದೆ, ಒಂದು ಬಂತು. ನಾ ಹೇಳಲಿಲ್ಲೇನು?

ಶ್ರೀಲೇಖಾ ಮಷೀನಿನ ಕಡೆ ತಿರುಗಿದಳು. ಕಪ್ಪು ಪರದೆಗೆ ಹೋಗಿ, ಮಷೀನು ತನ್ನ ಚಿತ್ರದ ವಿವರ ಬರೆದಿಟ್ಟುಕೊಳ್ಳುವ ಕಡತ ತೆರೆದಳು. ನಾಲ್ಕರ ಲೆಕ್ಕ ಬರೆದ ಸಾಲು ಸಿಕ್ಕಿತು. ಅಳಿಸಲು ಬೆರಳು ಇಟ್ಟಳು.

ನಾಗೇಶ: ಅಳಸಬ್ಯಾಡ!

ಶ್ರೀಲೇಖಾ: ಏನಾತ್ರಿ?

ನಾಗೇಶ: ಮೂಲ ನೋಂದಣಿ ಅಳಸಂಗಿಲ್ಲ. ಅದರ ಮುಂದ ಗುರುತು ಹಾಕಿ ರದ್ದು ಮಾಡು. ಕೆಳಗ ಹೊಸದು ಬರಿ. ಬಾಜೂಕ ಯಾರು ತಿದ್ದಿದ್ರು, ಯಾವ ತಾರೀಖಿಗೆ ತಿದ್ದಿದ್ರು ಅಂತ ಬರಿ.

ಶ್ರೀಲೇಖಾ ಬೈಯಲು ಬಾಯಿ ತೆರೆದಳು. ಆದರೆ ಅತುಲನೂ ಇದನ್ನೇ ಹೇಳಿದ್ದ. ಸಾಲಿನ ಮುಂದೆ ಒಂದು ಗುರುತು ಹಾಕಿದರೆ ಮಷೀನು ಅದನ್ನು ಓದದೆ ಮುಂದೆ ಹೋಗುತ್ತದೆ, ಹಳೆಯದು ಹಾಗೆಯೇ ಉಳಿಯುತ್ತದೆ. ಸರಕಾರದ ಒಂದು ಪದ್ಧತಿಯನ್ನು ಲಿನಕ್ಸ್ ಒಪ್ಪಿಕೊಂಡಿತ್ತು. ಗುರುತು ಹಾಕಿದಳು, ಒಂದರ ಲೆಕ್ಕ ಬರೆದಳು, ಪಕ್ಕದಲ್ಲಿ ಗಂಡನ ಸಮಾಧಾನಕ್ಕೆ ತಾರೀಖು ಹಾಕಿದಳು. ಚಿತ್ರದ ಭಾಗವನ್ನು ಎಬ್ಬಿಸಿ ಡಿಸೈನ್ ತೆರೆದಳು.

ಒಂದನೇ ನವಿಲು. ಎರಡನೇ ನವಿಲು. ಮೂರನೆಯದರ ಕಾಲು.

ಮೂವರೂ ಉಸಿರು ಹಿಡಿದರು.

ಕಾಲಿನ ಮೇಲೆ ಮೈ ಬಂತು, ಮೈ ಮೇಲೆ ಕುತ್ತಿಗೆ, ಹಿಂದೆ ಗರಿ. ನಾಲ್ಕು, ಐದು, ಆರು. ಚಾದರದ ಅಂಚಿನ ತನಕ ಆರೂ ನವಿಲು ಸಾಲಾಗಿ ನಿಂತವು. ಶ್ರೀಲೇಖಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ವೇಣೂಬಾಯಿ: ಛಂದ ಆಗ್ಯಾವ. ನಾ ಇಷ್ಟು ದಿನಾ ಕೋಳಿ ಅಂತ ತಿಳದಿದ್ದೆ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಶಾಂತಲಿಂಗಪ್ಪನವರು ಬಂದರು. ಬಿಳಿ ಟೋಪಿ, ಬಗಲಲ್ಲಿ ಚರ್ಮದ ಚೀಲ. ವೇಣೂಬಾಯಿ ಸಂಕ್ರಾಂತಿಯ ತಿಳಗೂಳ, ಎಳ್ಳು-ಬೆಲ್ಲದ ಉಂಡೆ, ಕೊಟ್ಟರು. ಅದನ್ನು ಬಾಯಿಗೆ ಹಾಕಿಕೊಂಡು ಪರದೆಯ ಮುಂದೆ ಕುಳಿತು, ಅದು ಕರಗುವವರೆಗೂ ನೋಡಿದರು.

ಶಾಂತಲಿಂಗಪ್ಪ: ಕಣ್ಣಾಗ ಜೀವ ಅದ ತಾಯಿ. ಹಿಂಗ ಬರಕೊಡವರು ಸೋಲಾಪುರದಾಗ ಕಡಿಮಿ. ಇನ್ನ ಉಳದ ಮೂರು ತೋರಸ್ರಿ.

ನಾಗೇಶ: ಯಾವ ಮೂರ್ರಿ?

ಶಾಂತಲಿಂಗಪ್ಪ: ನಾಲ್ಕು ಡಿಸೈನ್ ತಯಾರ ಅವ ಅಂತ ನಿಮ್ಮ ಮನಿಯವರು ಫೋನಿನ್ಯಾಗ ಹೇಳಿದ್ರಲ್ಲ?

ಶ್ರೀಲೇಖಾಳ ಕೈ ಮೌಸಿನ ಮೇಲಿತ್ತು, ಅಲ್ಲೇ ಉಳಿಯಿತು. ಬಾಯಿ ಅರ್ಧ ತೆರೆದಿತ್ತು, ಅಷ್ಟೇ ಇತ್ತು. ರೆಪ್ಪೆ ಬಡಿಯಲಿಲ್ಲ. ನಾಗೇಶ ಹೆಂಡತಿಯನ್ನು ನೋಡಿದ, ಫೈಲನ್ನು ನೋಡಿದ, ಮತ್ತೆ ಹೆಂಡತಿಯನ್ನು ನೋಡಿದ.

ವೇಣೂಬಾಯಿ: ಏ ನಾಗೇಶ, ಆ ಬಲಕಿನ ಗುಂಡಿ ಒತ್ತಿ ನೋಡು. ದೀಪಾ ಹತ್ತತದೇನ.

ಶ್ರೀಲೇಖಾ (ಕಡೆಗೊಮ್ಮೆ): ಒಂದ ಅದ್ರಿ ಮಾಲಕರ. ಒಂದು ಅಂದ್ರ ನೀವು ಇಲ್ಲೀತನಕಾ ಬರತಿದ್ದಿಲ್ಲ. ಅದಕ್ಕ ನಾಲ್ಕು ಅಂದೆ.

ನಾಗೇಶ ಏನೂ ಅನ್ನಲಿಲ್ಲ. ಅನ್ನದೆ ಇರುವುದಕ್ಕೆ ಅವನಿಗೆ ಬಹಳ ಕಷ್ಟವಾಯಿತು. ಅದು ಮುಖದಲ್ಲಿ ಕಾಣುತ್ತಿತ್ತು.

ಶಾಂತಲಿಂಗಪ್ಪ: ನಾಲ್ಕು ಅಂದವರ ಹತ್ರ ಒಂದು ಇರತದ. ಅದನ್ನ ತಿಳದ ಮನಿ ಬಿಟ್ಟೀನಿ ತಾಯಿ. ನನಗ ಬೇಕಾಗಿದ್ದೂ ಒಂದ.

ಚೀಲದಿಂದ ಡಿಸೈನ್ ಒಪ್ಪಿದ್ದಕ್ಕೆ ಬರೆದುಕೊಡುವ ಪಸಂತಿ ಚೀಟಿಯ ಪುಸ್ತಕ ತೆಗೆದು, ಡಿಸೈನಿನ ನಂಬರು, ಬಣ್ಣ, ಅಳತೆ ಬರೆದು ಸಹಿ ಮಾಡಿದರು.

ಶಾಂತಲಿಂಗಪ್ಪ: ಡಿಸೈನರ್ ಹೆಸರಿನ ಕಾಲಮ್ ಸದ್ಯಕ್ಕ ಖಾಲಿ ಇರಲಿ. ಕಾರಖಾನ್ಯಾಗ ಮಾಸ್ತರು ತುಂಬತಾರ.

ಶ್ರೀಲೇಖಾ ತಲೆ ತಗ್ಗಿಸಿದಳು. ಹನ್ನೊಂದು ವರ್ಷ ಮಾಸ್ತರರು ಆ ಕಾಲಮ್ಮಿನಲ್ಲಿ ಏನು ತುಂಬಿದ್ದರು ಎಂಬುದು ಅವಳಿಗೆ ಗೊತ್ತಿತ್ತು. ನಾಲ್ಕು ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದವಳಿಗೆ ಈಗ ಬಾಯಿ ತೆರೆಯುವ ಧೈರ್ಯವಿರಲಿಲ್ಲ.

ನಾಗೇಶ ಎದ್ದು ಬಂದು ಮಾಲೀಕರ ಮುಂದಿನ ಪುಸ್ತಕ ತನ್ನ ಕಡೆ ತಿರುಗಿಸಿಕೊಂಡ.

ನಾಗೇಶ: ಖಾಲಿ ಬಿಡಂಗಿಲ್ರಿ.

ಶಾಂತಲಿಂಗಪ್ಪ: ಅದೇನು ಸರಕಾರಿ ಕಾಗದ ಅಲ್ರಿ, ನಮ್ಮದ ಪುಸ್ತಕ.

ನಾಗೇಶ: ಯಾರ ಕಾಗದ ಆದ್ರೂ ಅಷ್ಟ. ಖಾಲಿ ಕಾಲಮ್ ಇದ್ರ ಯಾರರೇ ಬಂದು ತಮ್ಮದು ಬರಕೊಳ್ಳತಾರ. ಹದಿನೆಂಟು ವರ್ಷ ನೋಡೀನಿ. ನಿಮ್ಮ ಪೆನ್ನು ಕೊಡ್ರಿ.

ಶಾಂತಲಿಂಗಪ್ಪನವರು ಗಂಡನನ್ನು ನೋಡಿದರು, ತಲೆ ತಗ್ಗಿಸಿದ ಹೆಂಡತಿಯನ್ನು ನೋಡಿದರು. ಪೆನ್ನು ಕೊಟ್ಟರು. ನಾಗೇಶ ನಿಂತುಕೊಂಡೇ ಬಹಳ ಹೊತ್ತು ಬರೆದ. ಕಾರ್ಬನ್ ಪ್ರತಿ ಹರಿದು ಫೈಲಿಗೆ ಸೇರಿಸಿದ. ಮಾಲೀಕರು ಇನ್ನೊಂದು ತಿಳಗೂಳ ತೆಗೆದುಕೊಂಡು, ಸೋಮವಾರ ಕಾರಖಾನೆಗೆ ಬನ್ನಿ ಎಂದು ಹೇಳಿ ಹೊರಟರು.

ಅವರ ಸ್ಕೂಟರಿನ ಸದ್ದು ಓಣಿ ದಾಟಿದ ಮೇಲೆ ಶ್ರೀಲೇಖಾ ಫೈಲು ತೆರೆದು ಚೀಟಿ ನೋಡಿದಳು. ಕಾಲಮ್ಮಿನಲ್ಲಿ ಅವಳ ಹೆಸರು ಇತ್ತು. ನೋಡನೋಡುತ್ತ ಕಣ್ಣು ಮಂಜಾಯಿತು. ಒರೆಸಿಕೊಂಡು ಮತ್ತೆ ನೋಡಿದಳು.

ಶ್ರೀಲೇಖಾ: ರೀ, ಮಾಲಕರ ಸಹಿ ಕೆಳಗೂ ನನ್ನ ಹೆಸರು ಬರದೀರಿ.

ನಾಗೇಶ: ಬರದೀನಿ.

ಶ್ರೀಲೇಖಾ: ಅಂಚಿಗೂ ಅದ. ಬಣ್ಣದ ಕಾಲಮ್ಮಿನ್ಯಾಗೂ ಅದ. ಒಂದು ಹೆಸರು ನಾಲ್ಕು ಕಡೆ ಯಾಕ?

ನಾಗೇಶ (ಫೈಲಿನ ಕೆಂಪು ದಾರ ಕಟ್ಟುತ್ತ): ಒಂದು ಕಡೆಯರೇ ಮಂಜೂರ ಆಗಲಿ ಅಂತ.